ಅಕ್ಕ ಅಂದದ್ದು ಅಂದ ಹಾಗೆ

ನಮ್ಮ ಅಕ್ಕನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿದಾಗಿನಿಂದಲೂ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಿದರೆ ಜನ ಮುಖ ಒಂಥರಾ ಮಾಡಿಕೊಂಡು "ಅಯ್ಯೋ ಪಾಪ" ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿಯುತ್ತದೆ. ಏನು ಪಾಪ ಬಂತು ಅವಳಿಗೆ? ಬಟ್ಟೆ ಮಿಲ್ಲಿನಲ್ಲಿ ಆರು ಮಗ್ಗಗಳನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುತ್ತಾಳೆ, ಅದೂ ಮೋಸ ಮಾಡಿ. ಜಗಳಕ್ಕೆ ಹೋದರೆ ತನಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡುಬಿಡುತ್ತಾಳೆ. ಆಮೇಲೆ ನಾನು ಎಷ್ಟು ಕೈ ಬೀಸಿದರೂ ಗೋಡೆಗೆ ಹೇಳಿದ ಹಾಗೆ. ಪಾಪ ಅನ್ನುವುದಾದರೆ ನನಗೆ ಅನ್ನಬೇಕು.

ನನಗೆ ಹದಿನೇಳು. ಮನೆಯಲ್ಲಿ ನನ್ನ ಹೆಸರು ಬಾಯಿಬಡುಕಿ. ದೇವರು ಇಬ್ಬರಿಗೂ ಹಂಚಬೇಕಾಗಿದ್ದ ಮಾತನ್ನು ಒಬ್ಬಳ ಬಾಯಿಗೇ ಸುರಿದುಬಿಟ್ಟ ಎಂದು ಅಮ್ಮ ಬೈಯುತ್ತಾಳೆ. ಅದು ಶುದ್ಧ ತಪ್ಪು. ಅಕ್ಕ ನನಗಿಂತ ಜಾಸ್ತಿ ಮಾತಾಡುತ್ತಾಳೆ. ಅವಳು ಕೈಯಲ್ಲಿ ಮಾತಾಡುವುದನ್ನು ನೋಡುವ ಪುರುಸೊತ್ತು ಇವರಿಗಿಲ್ಲ, ಅಷ್ಟೇ. ಅಪ್ಪನಿಗೆ ಬರುವ ಕೈಮಾತು ಊಟ, ನಿದ್ದೆ, ಬಾ, ಹೋಗು, ಹುಷಾರು, ಇಷ್ಟರಲ್ಲಿ ಮುಗಿಯುತ್ತದೆ. ಅಮ್ಮನಿಗೆ ಇನ್ನೊಂದಿಷ್ಟು ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಬೈಗುಳ. ಅದಕ್ಕಿಂತ ಉದ್ದದ ಮಾತಿದ್ದರೆ ನನ್ನನ್ನು ಕರೆಯುತ್ತಾರೆ.

ಅಪ್ಪ ಕನ್ನಡಕದ ಅಂಗಡಿಯಲ್ಲಿ ಸೇಲ್ಸ್‌ಮನ್. ಯಾವ ಮುಖಕ್ಕೆ ಯಾವ ಫ್ರೇಮು ಹಾಕಿದರೂ "ನಿಮಗೋಸ್ಕರಾನೇ ಮಾಡಿದ ಹಾಗಿದೆ ಸಾರ್" ಎನ್ನುವುದು ಅವರ ಕೆಲಸ. ಸುಳ್ಳು ಹೇಳುವುದಿಲ್ಲ, ಮಾತನ್ನು ಮೆತ್ತಗೆ ಮಾಡುತ್ತಾರೆ. ಅಮ್ಮ ಕೆಳಗಿನ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅಲ್ಲಿಂದ ಬಂದ ಅಭ್ಯಾಸವೋ ಏನೋ, ಮನೆಯ ಪ್ರತಿಯೊಂದು ಸುಕ್ಕೂ ಹೋಗಬೇಕು, ಮಕ್ಕಳದ್ದೂ ಸೇರಿ.

ಈಗ ಮಿಲ್ಲಿನ ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟರೆ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ. ಸಾಲು ಸಾಲು ಮಗ್ಗಗಳು ದಡಬಡ ಬಡಿದುಕೊಳ್ಳುತ್ತಿರುತ್ತವೆ, ಕಾಲಡಿಯ ನೆಲ ಅದುರುತ್ತಿರುತ್ತದೆ. ಅಲ್ಲಿ ಕೂಗಿ ಪ್ರಯೋಜನವಿಲ್ಲ. ಅದಕ್ಕೇ ಶೆಡ್ಡಿನವರೆಲ್ಲ ಮಾತಾಡುವುದು ಕೈಯಲ್ಲಿ. ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದರೆ ಎಳೆ ಕಡಿಯಿತು ಎಂದು. ಮುಷ್ಟಿ ತಿರುಗಿಸಿದರೆ ಫಿಟ್ಟರನ್ನು ಕರಿ ಎಂದು. ಗಾಳಿಯಲ್ಲಿ ದೊಡ್ಡ ಹೊಟ್ಟೆ ಸವರಿದರೆ ಸೂಪರ್‌ವೈಸರ್ ಬರುತ್ತಿದ್ದಾನೆ, ನಗಬೇಡಿ ಎಂದು. ಯಾರು ಯಾವಾಗ ಶುರು ಮಾಡಿದರೋ, ಹಳಬರಿಂದ ಹೊಸಬರಿಗೆ ಕೈಯಿಂದ ಕೈಗೆ ಬಂದ ಭಾಷೆ ಅದು.

ಅಕ್ಕ ಕೆಲಸಕ್ಕೆ ಸೇರಿದ ದಿನ ಅಮ್ಮ ಅತ್ತಿದ್ದಳು. ಅಕ್ಕ ಸಂಜೆ ಮನೆಗೆ ಬಂದದ್ದು ಹಾರಿಕೊಂಡು! ಚಪ್ಪಲಿ ಕೂಡ ಬಿಡದೆ ನನ್ನನ್ನು ಹಿಡಿದು ಕೂರಿಸಿ ಹೇಳಿದ್ದೇ ಹೇಳಿದ್ದು. ಅಲ್ಲಿ ಎಲ್ಲರೂ ನನ್ನ ಥರ, ಯಾರಿಗೂ ಏನೂ ಕೇಳಲ್ಲ, ಎಲ್ಲರೂ ಕೈ ನೋಡ್ತಾರೆ! ಎಂದಳು. ಬೇರೆಯವರು ತಿಂಗಳುಗಟ್ಟಲೆ ಕಲಿಯುವ ಕೈಮಾತು ಇವಳಿಗೆ ಮಧ್ಯಾಹ್ನದ ಊಟದ ಹೊತ್ತಿಗೇ ಬಂದಿತ್ತು. ಆಮೇಲೆ ಇವಳೇ ಅವರಿಗೆ ಹೊಸ ಹೊಸ ಮಾತು ಕಲಿಸಿದಳು. ಈಗ ಆ ಶೆಡ್ಡಿನಲ್ಲಿ ಸಿನಿಮಾ ಕಥೆಯಿಂದ ಹಿಡಿದು ಅತ್ತೆ ಸೊಸೆ ಜಗಳದವರೆಗೆ ಎಲ್ಲವೂ ಕೈಯಲ್ಲೇ ನಡೆಯುತ್ತದೆ.

ಪ್ರೀತಿಯೂ ಅಲ್ಲೇ ನಡೆಯಿತು. ಮಗ್ಗ ರಿಪೇರಿ ಮಾಡುವ ಫಿಟ್ಟರ್ ಒಬ್ಬನಿದ್ದಾನೆ. ಉದ್ದಕ್ಕೆ, ತೆಳ್ಳಗೆ, ನಾಚಿಕೆಯ ಮುದ್ದೆ. ಅಕ್ಕನ ಮಗ್ಗಗಳಿಗೆ ಅವನು ಅಗತ್ಯಕ್ಕಿಂತ ಜಾಸ್ತಿ ಎಣ್ಣೆ ಹಾಕುತ್ತಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನೋ ಬಾಯಿಯನ್ನೂ ಬಿಡಲಿಲ್ಲ, ಕೈಯನ್ನೂ ಎತ್ತಲಿಲ್ಲ. ಕಾದು ಕಾದು ಅಕ್ಕನಿಗೆ ತಲೆ ಕೆಟ್ಟಿತು. ಒಂದು ದಿನ ಅವನು ಶೆಡ್ಡಿನ ಆ ಕೊನೆಯಲ್ಲಿದ್ದಾಗ ಇವಳು ಈ ಕೊನೆಯಿಂದ ಕೈ ಎತ್ತಿ ಹೇಳಿದಳು: ನನಗೆ ನೀನು ಇಷ್ಟ. ನಿನಗೆ ನಾನು? ಇಷ್ಟವಿಲ್ಲದಿದ್ದರೆ ಎಣ್ಣೆ ಹಾಳು ಮಾಡಬೇಡ. ಕೈಮಾತಿನಲ್ಲಿ ಪಿಸುಗುಡಲು ಬರುತ್ತದೆಯೇ? ಇಡೀ ಶೆಡ್ಡು ನೋಡಿತು. ಅವನು ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡು, ಕುಂಟುತ್ತಲೇ ಹೌದು ಹೌದು ಎಂದು ತಲೆ ಆಡಿಸಿದನಂತೆ.

ಈ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕಾಲೇಜಿನಲ್ಲಿ ಪ್ರೀತಿ ಎಂದರೆ ಮೊಬೈಲಿನಲ್ಲಿ ಒಂದು ಹೃದಯ ಕಳಿಸಿ, ಹೆದರಿ ಅಳಿಸಿ, ಗೆಳತಿಯರನ್ನು ಕೇಳಿ ಮತ್ತೆ ಕಳಿಸುವುದು. ಹಿಂದಿನ ಬೆಂಚಿನ ಒಬ್ಬ ಹುಡುಗನ ಮುಂದೆ ನಿಂತರೆ ಈ ಬಾಯಿಬಡುಕಿಯ ಬಾಯಿಗೂ ಬೀಗ ಬೀಳುತ್ತದೆ. ಧೈರ್ಯ ಎಂದರೆ ಜೋರಾಗಿ ಮಾತಾಡುವುದು ಎಂದು ನಾನು ತಿಳಿದುಕೊಂಡಿದ್ದೆ. ಅಲ್ಲ. ಎಲ್ಲರೂ ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ, ಇಲ್ಲ ಎನ್ನಿಸಿಕೊಳ್ಳಬಹುದು ಎಂದು ಗೊತ್ತಿದ್ದೂ, ಮನಸ್ಸಿನಲ್ಲಿರುವುದನ್ನು ಇದ್ದ ಹಾಗೆ ಕೇಳುವುದು ಧೈರ್ಯ. ಅಂಥವಳು ನನ್ನ ಅಕ್ಕ ಎಂದು ಹಾಸಿಗೆಯಲ್ಲೇ ನನ್ನ ಎದೆ ಉಬ್ಬಿತು.

ಸರಿ, ಮದುವೆಯ ಮಾತು ಬಂತು. ಫಿಟ್ಟರ್ ಮನೆಗೆ ಬಂದು ಅಪ್ಪನ ಮುಂದೆ ನಿಂತು ಬೆವರಿ ಹೋದ. ಅವನಿಗೆ ತಂದೆಯಿಲ್ಲ. ತಾಯಿ ಭಾನುವಾರ ಒಬ್ಬರೇ ಬಂದು ಮಾತಾಡುತ್ತಾರಂತೆ, ಮಗ ಜೊತೆಗೆ ಬರಕೂಡದಂತೆ. "ಅಮ್ಮ ತುಂಬಾ ಸ್ಟ್ರಿಕ್ಟು ಸಾರ್. ಅವರು ಒಪ್ಪದೇ ಇದ್ರೆ ಅವರನ್ನ ಬಿಟ್ಟು ಬರೋಕೆ ನನ್ನ ಕೈಲಿ ಆಗಲ್ಲ. ಇವಳನ್ನ ಬಿಡೋಕೂ ಆಗಲ್ಲ" ಎಂದು ಹೇಳಿ ಹೋದ. ಸ್ಟ್ರಿಕ್ಟು ಎಂದದ್ದಕ್ಕೇ ನಮ್ಮಪ್ಪ ಆ ಹೆಂಗಸು ರಿಟೈರಾದ ಟೀಚರ್ ಇರಬೇಕು ಎಂದು ತೀರ್ಮಾನಿಸಿಬಿಟ್ಟರು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಆಕೆಗೆ ಹೆಡ್‌ಮಿಸ್ಸು ಎಂದು ಹೆಸರಿಟ್ಟೆ. ಆಕೆ ಯಾರು, ಏನು ಮಾಡಿಕೊಂಡಿದ್ದರು ಎಂದು ಅಕ್ಕನನ್ನು ಒಂದು ಮಾತು ಕೇಳಬಹುದಿತ್ತಲ್ಲ? ಯಾರೂ ಕೇಳಲಿಲ್ಲ. ಅವಳ ಮದುವೆಯ ಮಾತು ಅವಳ ತಲೆಯ ಮೇಲಿನಿಂದಲೇ ನಡೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅಮ್ಮ ಪರದೆ, ಮೇಜಿನ ಬಟ್ಟೆ, ಅಕ್ಕನ ಉಡುಪು ಎಲ್ಲಕ್ಕೂ ಇಸ್ತ್ರಿ ಹೊಡೆದಳು. ಬಿಟ್ಟಿದ್ದರೆ ಅಪ್ಪನಿಗೂ ಹೊಡೆಯುತ್ತಿದ್ದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು, ಗಂಡ ಹೆಂಡತಿ ಇಬ್ಬರೂ.

"ಅವಳಿಗೆ ಹೇಳು, ಕೈ ಜಾಸ್ತಿ ಆಡಿಸೋದು ಬೇಡ ಅಂತ. ಮಡಿಲಲ್ಲಿ ಕೈ ಇಟ್ಕೊಂಡು ಕೂತ್ಕೊಳ್ಳಲಿ. ನೋಡೋಕೆ ಚೆನ್ನಾಗಿರುತ್ತೆ" ಎಂದಳು ಅಮ್ಮ.

"ಹಾಗಂದ್ರೆ ಬಾಯಿ ಮುಚ್ಕೊಂಡಿರು ಅಂತ ತಾನೇ?"

"ಶುರು ಮಾಡಿದಳು ನೋಡಿ!"

ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಇಡುವಷ್ಟು ನಯವಾಗಿ. "ನೋಡಮ್ಮ, ನಿಮ್ಮಕ್ಕನ ಮಾತು ಸ್ವಲ್ಪ ಖಾರ. ಅವರು ಏನಾದ್ರೂ ಕೇಳ್ತಾರೆ, ಇವಳು ಏನಾದ್ರೂ ಅಂತಾಳೆ. ನೀನು ಸ್ವಲ್ಪ ಮೆತ್ತಗೆ ಮಾಡಿ ಹೇಳು. ಅವರಿಗೇನು ಗೊತ್ತಾಗುತ್ತೆ? ನಿಮ್ಮಕ್ಕನ ಜೀವನದ ಪ್ರಶ್ನೆ."

ಅಕ್ಕನ ಜೀವನದ ಪ್ರಶ್ನೆ ಎಂದ ಮೇಲೆ ನಾನೇನು ಮಾಡಲಿ? ಅವಳು ಆ ಫಿಟ್ಟರನ ಹೆಸರು ಹೇಳುವಾಗ, ಅಂದರೆ ಗಾಳಿಯಲ್ಲಿ ಎಣ್ಣೆಯ ಡಬ್ಬಿ ಬಗ್ಗಿಸುವಾಗ, ಅವಳ ಮುಖ ನೋಡಿದವಳು ನಾನು. ಹಲ್ಲು ಕಚ್ಚಿಕೊಂಡು ಹೂಂ ಎಂದೆ.

ಹೆಡ್‌ಮಿಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನೆಟ್ಟಗಿನ ಬೆನ್ನು, ಬಿಗಿದು ಕಟ್ಟಿದ ನರೆಗೂದಲು, ದಪ್ಪ ಕನ್ನಡಕ. ಅಪ್ಪ ಬಾಗಿಲಲ್ಲೇ ಶುರುಮಾಡಿದರು. "ಬನ್ನಿ ಮೇಡಂ, ಮನೆ ಹುಡುಕೋಕೆ ಕಷ್ಟ ಆಯ್ತಾ?" ಉತ್ತರವಿಲ್ಲ. ಪಕ್ಕದಲ್ಲಿ ನಡೆಯುತ್ತಾ ಮತ್ತೆ ಕೇಳಿದರು, "ಬಿಸಿಲು ಜೋರಾಗಿದೆ ಅಲ್ವಾ ಮೇಡಂ?" ಆಕೆ ತಿರುಗಿಯೂ ನೋಡಲಿಲ್ಲ. ಸೋಫಾದ ಮೇಲೆ ಕೂತು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. ನನ್ನ ಬಾಯಿಯನ್ನಂತೂ ಹಲ್ಲು ನೋಡುವ ಡಾಕ್ಟರ್ ಥರ ದಿಟ್ಟಿಸಿದರು. ಅಬ್ಬಾ ಜಂಬವೇ ಎಂದುಕೊಂಡೆ. ಅಮ್ಮ ಚಹಾ ಬಿಸ್ಕತ್ತು ತಂದಿಟ್ಟು ಗೋಡೆಗೆ ಒರಗಿ ನಿಂತಳು. ಕಿಟಕಿಯಿಂದ ಕೆಳಗೆ ನೋಡಿದರೆ ಫಿಟ್ಟರ್ ಟೈರ್ ಅಂಗಡಿಯ ಮುಂದೆ ಅತ್ತಿಂದಿತ್ತ ಇತ್ತಿಂದತ್ತ ತಿರುಗುತ್ತಿದ್ದ. ಬರಬೇಡ ಎಂದರೆ ಬೀದಿಯವರೆಗೆ ಬರಬಹುದು ಎಂದು ಅರ್ಥ ಮಾಡಿಕೊಂಡಿದ್ದ ಪುಣ್ಯಾತ್ಮ.

ಆಕೆ ಅಕ್ಕನ ಕಡೆ ನೋಡಿ, ಸ್ವಲ್ಪ ಜೋರಾದ ದನಿಯಲ್ಲಿ ಕೇಳಿದರು. "ಮದುವೆ ಆದ್ಮೇಲೆ ಕೆಲಸ ಬಿಡ್ತೀಯಾ?"

ನಾನು ಕೈಯಲ್ಲಿ ಹೇಳಿದೆ. ಅಕ್ಕ ಮಡಿಲಿನಿಂದ ಕೈ ತೆಗೆದು ಹೇಳಿದಳು: ಮಗ್ಗ ಬಿಡಲ್ಲ. ಮನೆಯಲ್ಲಿ ಒಬ್ಬರು ಇರಲೇಬೇಕು ಅಂದ್ರೆ ನಿಮ್ಮ ಮಗ ಇರಲಿ, ಅವನು ಅಡುಗೆ ಚೆನ್ನಾಗಿ ಮಾಡ್ತಾನೆ.

ಅಪ್ಪ ನನ್ನ ಮುಖ ನೋಡಿದರು. "ಅದೆಲ್ಲ... ಅದೆಲ್ಲ ದೊಡ್ಡವರು ಹೇಳಿದ ಹಾಗೆ ಅಂತಾಳೆ" ಎಂದೆ. ಅಪ್ಪ ಖುಷಿಯಿಂದ ತಲೆಯಾಡಿಸಿದರು. ಆಕೆ ಬಿಸ್ಕತ್ತು ಎತ್ತಿಕೊಂಡವರು ಅದನ್ನು ತಿನ್ನದೆ ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದರು. ನನಗೆ ಕುರ್ಚಿಯಲ್ಲಿ ಮುಳ್ಳಿದ್ದ ಹಾಗಾಯಿತು. ಇಡೀ ಶೆಡ್ಡಿನ ಮುಂದೆ ಮನಸ್ಸು ಬಿಚ್ಚಿಟ್ಟವಳ ಮಾತನ್ನು ನಾನು ನಮ್ಮದೇ ಮನೆಯ ಸೋಫಾದ ಮುಂದೆ ತಿರುಚಿದ್ದೆ.

"ನಾಳೆ ಮಗು ಆಗುತ್ತೆ" ಎಂದರು ಆಕೆ. "ಅದು ಅತ್ತರೆ ನಿನಗೆ ಹೇಗೆ ಗೊತ್ತಾಗುತ್ತೆ?"

ಇದನ್ನು ಕೈಯಲ್ಲಿ ಹೇಳುವಾಗ ನನಗೇ ನೋವಾಯಿತು. ಅಕ್ಕನಿಗೆ ಆಗಲಿಲ್ಲ. ಅವಳು ಮುಂದೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಟ್ಟಳು. ಅಪ್ಪ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತು. ಅಮ್ಮ ಗೋಡೆಯ ಹತ್ತಿರದಿಂದಲೇ ಕಣ್ಣು ಬಿಟ್ಟಳು. ಅದರ ಅರ್ಥವೂ ಗೊತ್ತು.

ಆದರೆ ನನ್ನ ಸಹನೆಯ ಕಟ್ಟೆ ಒಡೆದಿತ್ತು. ಹೋದರೆ ಹೋಗಲಿ, ಅಕ್ಕನನ್ನು ಒಪ್ಪುವುದಾದರೆ ಅಕ್ಕನನ್ನೇ ಒಪ್ಪಲಿ, ನಾನು ತಯಾರು ಮಾಡಿದ ಇನ್ಯಾವಳನ್ನೋ ಅಲ್ಲ ಎನ್ನಿಸಿತು. ಎದ್ದು ನಿಂತೆ.

"ಅಕ್ಕ ಅಂದದ್ದು ಅಂದ ಹಾಗೆ ಹೇಳ್ತೀನಿ" ಎಂದೆ. "ಅವಳು ಹೇಳ್ತಾಳೆ, ಮಗುವನ್ನ ನನ್ನ ಪಕ್ಕದಲ್ಲೇ ಮಲಗಿಸಿಕೊಳ್ತೀನಿ. ಮಗ್ಗದ ಚಕ್ರದ ಒಂದು ಹಲ್ಲು ತಪ್ಪಿದ್ರೆ ನನ್ನ ಅಂಗಾಲಿಗೆ ಗೊತ್ತಾಗುತ್ತೆ, ನನ್ನ ಮಗು ಕೈಕಾಲು ಬಡಿದ್ರೆ ಗೊತ್ತಾಗಲ್ವಾ? ಮತ್ತೆ ನಿಮ್ಮ ಮಗನಿಗೆ ಎರಡು ಕಿವಿ ಇದೆ. ಅವನೂ ಏಳಲಿ. ಏಳದೇ ಇದ್ರೆ ಒದ್ದು ಏಳಿಸ್ತೀನಿ."

ಅಪ್ಪ ಕಣ್ಣು ಮುಚ್ಚಿಕೊಂಡರು. ಅಮ್ಮನ ಬಾಯಿಂದ "ಅಯ್ಯೋ" ಎಂದು ಸಣ್ಣಗೆ ಬಂತು.

ಹೆಡ್‌ಮಿಸ್ಸು ಬಿಸ್ಕತ್ತನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ಎರಡೂ ಕೈ ಎತ್ತಿದರು. ನನ್ನ ಕಡೆ ಬೆರಳು ತೋರಿಸಿ, ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದರು. ಎಳೆ ಕಡಿಯಿತು! ಶೆಡ್ಡಿನ ಮಾತು! ಆಮೇಲೆ ಹೆಬ್ಬೆರಳು ತೋರುಬೆರಳು ಉಜ್ಜಿ ಗಂಟು ಹಾಕಿದರು. ಇವಳು ಮೊದಲನೆ ಸಲ ಎಳೆ ಕಡಿದಳು, ಎರಡನೆ ಸಲ ಸರಿಯಾಗಿ ಗಂಟು ಹಾಕಿದಳು ಎಂದು ಅಕ್ಕನಿಗೆ ಹೇಳುತ್ತಿದ್ದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನನ್ನ ತಲೆ ಗಿರ್ ಎಂದಿತು. ನಿನಗೆ ಮೊದಲೇ ಗೊತ್ತಿತ್ತಾ ಎಂದು ಅಕ್ಕನನ್ನು ಕೇಳಿದೆ. ಗೊತ್ತಿತ್ತು, ಇವರು ಹಳೇ ಮಿಲ್ಲಿನಲ್ಲಿ ವಯಸ್ಸೆಲ್ಲಾ ಮಗ್ಗ ನಡೆಸಿದವರು, ನೀವ್ಯಾರಾದ್ರೂ ನನ್ನನ್ನ ಕೇಳಿದ್ರಾ? ಎಂದಳು.

"ಏನು? ಏನಾಗ್ತಿದೆ?" ಎಂದರು ಅಪ್ಪ. ನಮ್ಮ ಮನೆಯಲ್ಲಿ ಮೊಟ್ಟಮೊದಲ ಸಲ ಕಿವಿ ಇದ್ದವರು ಪೆಚ್ಚಾಗಿ ಕೂತಿದ್ದರು, ಇಲ್ಲದವಳು ಆರಾಮಾಗಿದ್ದಳು.

ಆಕೆ ಕೈಯಲ್ಲೂ ಬಾಯಲ್ಲೂ ಒಟ್ಟಿಗೇ ಮಾತಾಡತೊಡಗಿದರು. "ನಿಮ್ಮ ಹತ್ರ ಮುಚ್ಚಿಟ್ಟು ಪ್ರಯೋಜನ ಇಲ್ಲ. ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ ಇದೆ, ಅದೂ ಹೋಗ್ತಾ ಇದೆ. ಮಗ್ಗ ತಿಂದ್ಕೊಂಡಿತು. ಹತ್ತಿರದವರಿಗೂ ಹೇಳಿಲ್ಲ, ತುಟಿ ನೋಡ್ಕೊಂಡು ಕೇಳಿಸಿದ ಹಾಗೆ ನಟನೆ ಮಾಡ್ತೀನಿ. ಎಲ್ಲರೂ ನಗ್ತಿದ್ರೆ ನಾನೂ ನಗ್ತೀನಿ, ಯಾಕೆ ಅಂತ ಗೊತ್ತಿಲ್ಲದೆ. ಜನ ಜಂಬ ಅಂದ್ಕೊಳ್ತಾರೆ. ಅಂದ್ಕೊಳ್ಳಲಿ, ಕಿವುಡಿ ಅನ್ನಿಸಿಕೊಳ್ಳೋದಕ್ಕಿಂತ ವಾಸಿ."

ಬಾಗಿಲಲ್ಲಿ ಅಪ್ಪನ ಮಾತಿಗೆ ಉತ್ತರ ಬರದಿದ್ದದ್ದು ಯಾಕೆಂದು ಈಗ ಗೊತ್ತಾಯಿತು. ಅಪ್ಪ ಆಕೆಯ ಎಡಕ್ಕೆ ನಡೆಯುತ್ತಿದ್ದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಕ್ಕನನ್ನು ಮೂಗಿ ಎಂದ ಪಕ್ಕದ ಬೀದಿಯವಳ ಜೊತೆ ಜುಟ್ಟು ಹಿಡಿದು ಜಗಳವಾಡಿದವಳು ನಾನು. ಈ ಹೆಂಗಸು ಸ್ಟ್ರಿಕ್ಟು ಎಂದು ಮಗ ಹೇಳಿದ ಒಂದೇ ಕಾರಣಕ್ಕೆ ಇವರಿಗೆ ಹೆಡ್‌ಮಿಸ್ಸು ಪಟ್ಟ ಕಟ್ಟಿದವಳೂ ನಾನೇ.

"ನಿಜ ಹೇಳ್ತೀನಿ" ಎಂದು ಆಕೆ ಮುಂದುವರಿಸಿದರು. "ನಾನು ಇವತ್ತು ಬೇಡ ಅಂತ ಹೇಳೋಕೇ ಬಂದಿದ್ದು. ನಾಳೆ ನನ್ನ ಕಿವಿ ಪೂರ್ತಿ ಹೋಗುತ್ತೆ. ಒಂದೇ ಮನೇಲಿ ಇಬ್ಬರು ಕಿವುಡರು ಆದ್ರೆ ಹೇಗೆ? ನನಗೆ ಕೇಳೋ ಸೊಸೆ ಬೇಕು. ಬಾಗಿಲು ತಟ್ಟಿದ್ರೆ ತೆಗೆಯೋಳು, ಫೋನ್ ಬಂದ್ರೆ ಎತ್ತೋಳು. ಈಗ ನೀನು ಹೇಳು." ಅವರು ಅಕ್ಕನತ್ತ ತಿರುಗಿದರು. "ನನ್ನ ಮಗ ನಿನ್ನನ್ನೇ ಅಂತಾನೆ. ನಾನು ಬೇಡ ಅಂದ್ರೆ ಏನು ಮಾಡ್ತೀಯಾ?"

ಫಿಟ್ಟರ್ ಹೇಳಿ ಹೋದ ಮಾತು ನಮ್ಮೆಲ್ಲರ ತಲೆಯಲ್ಲಿತ್ತು. ಆಕೆ ಬೇಡ ಎಂದರೆ ಎಲ್ಲ ಮುಗಿದ ಹಾಗೆ. ಅಮ್ಮ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಸುಕ್ಕು ಮಾಡಿದ್ದಳು. ಒಂದು ಸಲ ತಲೆ ಬಗ್ಗಿಸು ಮಾರಾಯ್ತಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ.

ಅಕ್ಕ ತಲೆ ಬಗ್ಗಿಸಲಿಲ್ಲ. ಎದ್ದು ಹೋಗಿ ಅಮ್ಮ ಇಸ್ತ್ರಿ ಮಾಡಿ ಇಳಿಬಿಟ್ಟಿದ್ದ ಪರದೆಯನ್ನು ಸರಕ್ಕನೆ ಸರಿಸಿದಳು, ಕೈ ಚೆನ್ನಾಗಿ ಕಾಣಲಿ ಎಂದು. ಆಕೆಯ ಎದುರಿಗೇ ನೆಲದ ಮೇಲೆ ಕೂತಳು. ನಿಧಾನವಾಗಿ ಹೇಳಿದಳು. ನಾನು ಅಪ್ಪ ಅಮ್ಮನಿಗೆ ಕೇಳುವಂತೆ ಒಂದೊಂದು ಮಾತನ್ನೂ ಗಟ್ಟಿಯಾಗಿ ಹೇಳಿದೆ, ಒಂದಕ್ಷರ ಆಚೀಚೆ ಮಾಡದೆ.

"ನೀವು ಬೇಡ ಅಂದ್ರೆ ನನಗೆ ತುಂಬಾ ದುಃಖ ಆಗುತ್ತೆ. ಅಳ್ತೀನಿ. ನಿಮ್ಮನ್ನ ಬಿಟ್ಟು ಬಾ ಅಂತ ಅವನಿಗೆ ಹೇಳಲ್ಲ. ಆದರೆ ನಾನು ಪ್ರತಿ ಭಾನುವಾರ ನಿಮ್ಮನೆಗೆ ಬರ್ತೀನಿ. ಬಾಗಿಲು ತಟ್ಟಲ್ಲ, ಸೀದಾ ಒಳಗೆ ಬರ್ತೀನಿ. ಅವನನ್ನ ನೋಡೋಕಲ್ಲ, ನಿಮ್ಮ ಜೊತೆ ಮಾತಾಡೋಕೆ. ಫೋನ್ ಎತ್ತೋಕೆ, ಬಾಗಿಲು ತೆಗೆಯೋಕೆ ಯಾರಾದ್ರೂ ಸಿಗ್ತಾರೆ. ನಾಳೆ ನಿಮ್ಮ ಕಿವಿ ಪೂರ್ತಿ ಹೋದ ಮೇಲೆ, ದಿನಾ ಕೂತು ನಿಮ್ಮ ಜೊತೆ ಮಾತಾಡೋಕೆ ಯಾರಿದ್ದಾರೆ?"

ಆಕೆಯ ಕೈಗಳು ಮಡಿಲಲ್ಲೇ ಇದ್ದವು. ನೆಟ್ಟಗಿದ್ದ ಬೆನ್ನು ಸ್ವಲ್ಪ ಬಾಗಿತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ಅಂಗೈ ಬಿಚ್ಚಿ, ಇಲ್ಲ ಎಂದು ಆಡಿಸಿದರು. ಯಾರೂ ಇಲ್ಲ ಎಂದರು, ಬಾಯಿ ಬಿಡದೆ. ನಾನು ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಅದು ಅಕ್ಕನಿಗೆ ಹೇಳಿದ ಮಾತು.

ಅಕ್ಕ ಆಕೆಯ ಮೊಣಕಾಲಿನ ಮೇಲೆ ಕೈ ಇಟ್ಟಳು. ಮುಂದಿನದನ್ನು ಅವರಿಬ್ಬರೂ ಎಷ್ಟು ಬೇಗ ಬೇಗ ಆಡಿದರೆಂದರೆ ನನ್ನ ಕಣ್ಣಿಗೇ ಸಿಗಲಿಲ್ಲ. ಮಧ್ಯೆ ಗಾಳಿಯಲ್ಲಿ ದೊಡ್ಡ ಹೊಟ್ಟೆ ಸವರಿದ್ದು ಮಾತ್ರ ಗೊತ್ತಾಯಿತು. ಹಳೇ ಮಿಲ್ಲಿನ ಸೂಪರ್‌ವೈಸರನಿಗೂ ಹೊಟ್ಟೆಯಿತ್ತು ಎಂದು ಕಾಣುತ್ತದೆ, ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಚಹಾ ಆರಿ ಕೆನೆ ಕಟ್ಟಿತು.

ಕೊನೆಗೆ ಆಕೆ ಬಾಯಿಬಿಟ್ಟು ಹೇಳಿದರು. "ಕೆಲಸ ಬಿಡೋದು ಬೇಡ. ನಮ್ಮನೇಲಿ ಅಡುಗೆ ಅವನೇ ಮಾಡ್ತಾನೆ. ಮದುವೆ ಯಾವಾಗ ಇಟ್ಕೊಳ್ಳೋಣ?"

ಅಮ್ಮ ಜೋರಾಗಿ ಅತ್ತಳು. ನಾನು ಸೋಫಾದ ಮೇಲೆ ಹತ್ತಿ ಕುಣಿದೆ. ಅಕ್ಕ ಕಿಟಕಿಗೆ ಹೋಗಿ ಕೆಳಗೆ ನಿಂತಿದ್ದವನಿಗೆ ಕೈಯಲ್ಲಿ ಸುದ್ದಿ ಹೇಳಿದಳು. ಅವನು ಬೀದಿಯ ನಡುವೆ ಎರಡೂ ಕೈ ಬೀಸಿ ಏನೇನೋ ಹೇಳಿದ. ಟೈರ್ ಅಂಗಡಿಯವನು ಇವನಿಗೇನೋ ಹೆಚ್ಚುಕಮ್ಮಿ ಆಗಿದೆ ಎಂದು ನೀರು ತಂದುಕೊಟ್ಟ. ಯಾರ ಮುಂದೆಯೂ ಒಂದಿಷ್ಟೂ ಸಣ್ಣವಳಾಗದೆ, ಯಾರನ್ನೂ ಸಣ್ಣ ಮಾಡದೆ, ತನಗೆ ಬೇಕಾದ ಬದುಕನ್ನು ನನ್ನ ಅಕ್ಕ ಕೇಳಿ ತೆಗೆದುಕೊಂಡಿದ್ದಳು.

ಅಪ್ಪ ಮಾತ್ರ ಕೂತಲ್ಲೇ ಕೂತಿದ್ದರು. ಆಮೇಲೆ ಎದ್ದು ನನ್ನ ಹತ್ತಿರ ಬಂದು ಕೇಳಿದರು, "ಅವಳಿಗೆ ಖುಷಿ ಆಯ್ತಾ ಅಂತ ಕೇಳು."

ನಾನು ಕೈ ಎತ್ತಿದವಳು ಇಳಿಸಿದೆ. "ನೀವೇ ಕೇಳಿ ಅಪ್ಪ."

"ನನಗೆ ಬರಲ್ವಲ್ಲೇ."

"ಎದೆ ಮೇಲೆ ಕೈ ಇಟ್ಟು ಮೇಲಕ್ಕೆ ಎತ್ತಿ. ಅಷ್ಟೇ."

ಅಪ್ಪ ಅಕ್ಕನ ಮುಂದೆ ಹೋಗಿ ನಿಂತರು. ಊರಿನವರಿಗೆಲ್ಲ ಕನ್ನಡಕ ಹಾಕಿದ ಆ ನಯವಾದ ಕೈಯನ್ನು ಎದೆಯ ಮೇಲಿಟ್ಟು ಎತ್ತಿದರು, ಅರ್ಧಕ್ಕೇ ನಿಲ್ಲಿಸಿದರು, ಮತ್ತೆ ಮೊದಲಿನಿಂದ ಮಾಡಿದರು. ಅಕ್ಕ ನಗಲಿಲ್ಲ. ಅವರ ಕೈಯನ್ನೇ ನೋಡುತ್ತಾ, ಅವರು ಕೇಳಿ ಮುಗಿಸುವವರೆಗೂ ಕಾದಳು. ಆಮೇಲೆ ಅಪ್ಪನಿಗೆ ಅರ್ಥವಾಗುವ ಹಾಗೆ ನಿಧಾನವಾಗಿ, ದೊಡ್ಡದಾಗಿ ಉತ್ತರ ಹೇಳಿದಳು. ಏನಂದಳು ಎಂದು ಅಪ್ಪ ನನ್ನನ್ನು ಕೇಳಲಿಲ್ಲ.